ಬೆಕ್ಕಿನ ಲಿಟರ್ ಟ್ರೇ: ನಾತ ಮುಚ್ಚುವುದೋ, ಹುಟ್ಟದಂತೆ ತಡೆಯುವುದೋ?

ಹಿತ್ತಲಿದ್ದ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬೆಕ್ಕು ಬದನೆ ಪಾತಿಯ ಸಡಿಲ ಮಣ್ಣನ್ನೋ, ಬಚ್ಚಲೊಲೆಯ ಬೂದಿ ಸುರಿದ ಗುಂಡಿಯನ್ನೋ ಹುಡುಕಿಕೊಂಡು ಹೋಗಿ, ಕೆಲಸ ಮುಗಿಸಿ, ಮುಂಗಾಲಿನಿಂದ ಮಣ್ಣೆಳೆದು ಮುಚ್ಚಿ ಬರುತ್ತಿತ್ತು. ಉಳಿದದ್ದನ್ನು ಬಿಸಿಲು, ಮಳೆ, ಮಣ್ಣಿನ ಜೀವಾಣುಗಳು ನೋಡಿಕೊಳ್ಳುತ್ತಿದ್ದವು. ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಫ್ಲ್ಯಾಟುಗಳಲ್ಲಿ ಬೆಕ್ಕು ನಾಲ್ಕನೇ ಮಹಡಿಯಲ್ಲಿದೆ. ಬಾಲ್ಕನಿಗೆ ಬಲೆ ಹಾಕಿದೆ. ಹಿತ್ತಲು ಮಾಡುತ್ತಿದ್ದ ಕೆಲಸವೆಲ್ಲ ಯುಟಿಲಿಟಿಯ ಮೂಲೆಯಲ್ಲಿಟ್ಟ ಒಂದು ಪ್ಲಾಸ್ಟಿಕ್ ಟ್ರೇಯ ಮೇಲೆ ಬಿದ್ದಿದೆ. ‘ಮನೆಯೊಳಗೇ ಇದನ್ನೆಲ್ಲ ಇಟ್ಟುಕೊಳ್ಳುತ್ತಾರೇನು?’ ಎಂದು ಊರಿನಿಂದ ಬಂದ ಹಿರಿಯರು ಮೂಗು ಮುರಿದರೆ ಅದು ತೀರ ಅನ್ಯಾಯವೂ ಅಲ್ಲ.

ಈ ಟ್ರೇ ನಾರದಂತೆ ಇಡುವುದು ಹೇಗೆ ಎಂಬುದಕ್ಕೆ ಮಾರುಕಟ್ಟೆಯಲ್ಲಿ ನೂರು ಉತ್ತರಗಳಿವೆ: ಲ್ಯಾವೆಂಡರ್ ಪರಿಮಳದ ಲಿಟರ್ (ಟ್ರೇಗೆ ತುಂಬುವ ಪುಡಿ), ಮುಚ್ಚಳವಿರುವ ಪೆಟ್ಟಿಗೆ, ಸಿಂಪಡಿಸುವ ದ್ರವ, ತಾನೇ ತಿರುಗಿ ಶುಚಿಯಾಗುವ ಯಂತ್ರ. ಇವುಗಳಲ್ಲಿ ಬಹಳಷ್ಟು ಮನುಷ್ಯನ ಮೂಗಿಗಾಗಿ ಮಾಡಿದವು. ಟ್ರೇ ಬಳಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಾತ್ರ ಬೆಕ್ಕು. ಅದಕ್ಕೆ ಹಿಡಿಸದಿದ್ದರೆ ಸೋಫಾ ಇದೆ, ಹಾಸಿಗೆ ಇದೆ, ಬಚ್ಚಲ ಮೋರಿ ಇದೆ. ಆದ್ದರಿಂದ ರಸಾಯನಶಾಸ್ತ್ರ ಏನು ಹೇಳುತ್ತದೆ, ಬೆಕ್ಕುಗಳ ಮೇಲೆ ನಡೆದ ಅಧ್ಯಯನಗಳು ಏನು ಹೇಳುತ್ತವೆ, ನಮ್ಮ ಮನೆಗಳಲ್ಲಿ ಯಾವುದು ನಡೆಯುತ್ತದೆ ಎಂದು ಒಂದೊಂದಾಗಿ ನೋಡಬೇಕು.

ಘಾಟಿನ ಮೂಲ

ಸಾಕುಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ನೀರು ಸಿಗದ ನಾಡಿನಲ್ಲಿ ಬದುಕಿದ ಪ್ರಾಣಿಯಾದ್ದರಿಂದ ಅದರ ಮೂತ್ರಪಿಂಡ ಒಂದೊಂದು ಹನಿ ನೀರನ್ನೂ ಹಿಂದಕ್ಕೆ ಎಳೆದುಕೊಂಡು, ಬಹಳ ಗಟ್ಟಿಯಾದ ಮೂತ್ರವನ್ನು ಹೊರಗೆ ಕಳಿಸುತ್ತದೆ. ಮಾಂಸಾಹಾರಿಯಾದ್ದರಿಂದ ಅದರಲ್ಲಿ ಯೂರಿಯಾ ಹೇರಳ. ಆಗಷ್ಟೇ ಬಿದ್ದ ಉಚ್ಚೆಗೆ ಅಷ್ಟೇನೂ ಘಾಟಿರುವುದಿಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡತೊಡಗಿದ ಮೇಲೆಯೇ ಕಣ್ಣುರಿಸುವ ವಾಸನೆ ಏಳುವುದು. ತೇವ ಮತ್ತು ಸೆಕೆ ಇದ್ದಷ್ಟೂ ಈ ಕೆಲಸ ಚುರುಕಾಗಿ ನಡೆಯುತ್ತದೆ. ಚಳಿಗಾಲದಲ್ಲಿ ಸಹಿಸಬಹುದಾಗಿದ್ದ ಟ್ರೇ ಏಪ್ರಿಲ್ ಬಂದೊಡನೆ, ಇಲ್ಲವೆ ಕರಾವಳಿಯ ಜುಲೈ ತಿಂಗಳಲ್ಲಿ, ಮನೆಯಿಡೀ ನಾರುವುದಕ್ಕೆ ಕಾರಣ ಇದೇ.

ಬೆಕ್ಕಿಗೇ ಮೀಸಲಾದ ಇನ್ನೊಂದು ವಾಸನೆಯೂ ಉಂಟು. ಅದರ ಮೂತ್ರದಲ್ಲಿ ಫೆಲಿನೈನ್ ಎಂಬ, ಗಂಧಕವಿರುವ ಅಮೈನೋ ಆಮ್ಲವಿರುತ್ತದೆ. ಕಾಕ್ಸಿನ್ ಎಂಬ ಪ್ರೋಟೀನು ಇದರ ತಯಾರಿಕೆಯಲ್ಲಿ ಹೇಗೆ ಪಾಲ್ಗೊಳ್ಳುತ್ತದೆ ಎಂಬುದನ್ನು ಜಪಾನಿನ ಮಸಾವೊ ಮಿಯಾಝಾಕಿ ಮತ್ತು ಸಂಗಡಿಗರು 2006ರಲ್ಲಿ ವಿವರಿಸಿದರು. ಫೆಲಿನೈನ್ ಗಾಳಿಯಲ್ಲಿ ನಿಧಾನವಾಗಿ ಒಡೆದು ಗಂಧಕದ ಸಂಯುಕ್ತಗಳಾದಾಗ ‘ಬೆಕ್ಕಿನ ವಾಸನೆ’ ಎಂದು ನಾವು ಗುರುತಿಸುವ ಘಾಟು ಹರಡುತ್ತದೆ. ಸಂತಾನಹರಣ ಆಗದ ಗಂಡುಬೆಕ್ಕಿನಲ್ಲಿ ಇದು ಹೆಣ್ಣಿಗಿಂತ ಎಷ್ಟೋ ಪಾಲು ಹೆಚ್ಚು. ಶಸ್ತ್ರಚಿಕಿತ್ಸೆ ಆದ ಮೇಲೆ ಗಣನೀಯವಾಗಿ ಇಳಿಯುತ್ತದೆ. ಗೋಡೆ, ಬಾಗಿಲಿಗೆ ಬಾಲ ಎತ್ತಿ ಸಿಂಪಡಿಸುವ ಗಂಡುಗಳಲ್ಲಿ ಬಹುಪಾಲು ಆ ಚಾಳಿಯನ್ನೂ ಬಿಡುತ್ತವೆ. ಹಾಗಾಗಿ ಗಂಡುಬೆಕ್ಕಿರುವ ಮನೆಯವರು ಲಿಟರ್ ಬದಲಾಯಿಸುವ ಮೊದಲು ಪಶುವೈದ್ಯರನ್ನು ಕಾಣುವುದು ಒಳಿತು. ವಾಸನೆ ತಗ್ಗಿಸುವ ಯಾವ ಪುಡಿಯೂ ಈ ಒಂದು ಶಸ್ತ್ರಚಿಕಿತ್ಸೆಯಷ್ಟು ಕೆಲಸ ಮಾಡಲಾರದು.

ಎರಡೂ ವಾಸನೆಗಳ ಹಿಂದಿರುವುದು ಕಾಲ. ಅಮೋನಿಯಾ ಹುಟ್ಟಲು ಗಂಟೆಗಳು ಬೇಕು, ಫೆಲಿನೈನ್ ಒಡೆಯಲೂ ಸಮಯ ಬೇಕು. ಅಷ್ಟರೊಳಗೆ ಉಚ್ಚೆ ನೆನೆದ ಲಿಟರನ್ನು ಎತ್ತಿಬಿಟ್ಟರೆ ನಾತ ಹುಟ್ಟುವುದೇ ಇಲ್ಲ.

ಬೂದಿಯಿಂದ ಬೆಂಟೊನೈಟ್‌ಗೆ

ಇಪ್ಪತ್ತನೇ ಶತಮಾನದ ನಡುವಿನವರೆಗೆ ಅಮೆರಿಕದ ಮನೆಗಳಲ್ಲೂ ಟ್ರೇಗೆ ಹಾಕುತ್ತಿದ್ದುದು ಮರಳು, ಬೂದಿ, ಇಲ್ಲವೇ ಮರದ ಹೊಟ್ಟು. 1947ರ ಚಳಿಗಾಲದಲ್ಲಿ ಮಿಶಿಗನ್ ರಾಜ್ಯದ ಕಸೊಪೊಲಿಸ್ ಎಂಬ ಊರಿನಲ್ಲಿ ನೆರೆಮನೆಯ ಹೆಂಗಸೊಬ್ಬಳು ಎಡ್ ಲೋ ಎಂಬ ಯುವಕನ ಬಳಿ ಮರಳು ಕೇಳಲು ಬಂದಳು. ಅವಳ ಮರಳಿನ ರಾಶಿ ಹೆಪ್ಪುಗಟ್ಟಿತ್ತು. ಬೂದಿ ಹಾಕಿದರೆ ಬೆಕ್ಕು ಮನೆಯೆಲ್ಲ ಕಪ್ಪು ಹೆಜ್ಜೆ ಮೂಡಿಸುತ್ತಿತ್ತು. ಲೋ ಕುಟುಂಬದ ವ್ಯಾಪಾರ ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರುವ ಪುಡಿಗಳದ್ದು. ಅವನು ಒಣಗಿಸಿದ ಹೀರುಮಣ್ಣನ್ನು ಕೊಟ್ಟ. ಅದು ನಮ್ಮವರು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯದು. ನೆರೆಯವಳಿಗೆ ಮತ್ತೆ ಬೇರೆ ಯಾವುದೂ ಬೇಡವಾಯಿತು. ಲೋ ಅದನ್ನು ಐದು ಪೌಂಡಿನ ಚೀಲಗಳಲ್ಲಿ ತುಂಬಿ ‘ಕಿಟ್ಟಿ ಲಿಟರ್’ ಎಂದು ಹೆಸರು ಬರೆದು ಮಾರಲು ಹೊರಟ. ಬೆಕ್ಕು ಪೂರ್ತಿಯಾಗಿ ಮನೆಯೊಳಗಿನ ಪ್ರಾಣಿಯಾಗಲು ಈ ಮಣ್ಣು ದೊಡ್ಡ ಕಾರಣ.

ಆ ಮಣ್ಣು ಉಚ್ಚೆಯನ್ನು ಹೀರುತ್ತಿತ್ತೇ ಹೊರತು ಬೇರ್ಪಡಿಸುತ್ತಿರಲಿಲ್ಲ. ಮಲವನ್ನು ಎತ್ತಬಹುದಿತ್ತು, ಮೂತ್ರ ಟ್ರೇಯಲ್ಲೇ ಉಳಿಯುತ್ತಿತ್ತು, ಕೆಲವೇ ದಿನಗಳಲ್ಲಿ ಇಡೀ ಟ್ರೇ ಸುರಿಯಬೇಕಾಗುತ್ತಿತ್ತು. 1984ರಲ್ಲಿ ಜೀವರಸಾಯನ ವಿಜ್ಞಾನಿ ಥಾಮಸ್ ನೆಲ್ಸನ್ ಬೆಂಟೊನೈಟ್ ಜೇಡಿಯಿಂದ ಉಂಡೆಗಟ್ಟುವ ಲಿಟರ್ ತಯಾರಿಸಿದ ಮೇಲೆ ಈ ತೊಡಕು ಬಗೆಹರಿಯಿತು. ಸೋಡಿಯಂ ಬೆಂಟೊನೈಟ್ ನೀರು ತಾಗಿದೊಡನೆ ಹಲವು ಪಟ್ಟು ಉಬ್ಬಿ ಅಂಟಿಕೊಳ್ಳುತ್ತದೆ. ಉಚ್ಚೆ ಬಿದ್ದ ಜಾಗವೇ ಗಟ್ಟಿ ಉಂಡೆಯಾಗಿ ಸ್ಕೂಪಿಗೆ ಸಿಗುತ್ತದೆ. ಈ ಜೇಡಿ ನಮ್ಮ ದೇಶದಲ್ಲೂ ಹೇರಳವಾಗಿದೆ. ಗುಜರಾತಿನ ಕಚ್ಛ್ ಅದರ ಪ್ರಮುಖ ನೆಲೆ. ಭುಜ್ ಸುತ್ತಮುತ್ತಲಿಂದ ಲಿಟರ್ ಹೊರದೇಶಗಳಿಗೂ ರಫ್ತಾಗುತ್ತದೆ.

ಯಾವ ಲಿಟರ್ ಯಾರಿಗೆ

ಬೆಂಟೊನೈಟ್‌ನ ಅನುಕೂಲ ಹೇಳಿಯಾಯಿತು, ಅನನುಕೂಲ ಮೂರು. ಭಾರ, ಧೂಳು, ಕೊಳೆಯದಿರುವುದು. ಸುರಿಯುವಾಗ ಏಳುವ ನುಣ್ಣನೆಯ ಧೂಳು ಉಬ್ಬಸದವರಿಗೂ ಬೆಕ್ಕಿಗೂ ಒಳ್ಳೆಯದಲ್ಲ; ಧೂಳು ಕಡಿಮೆ ಇರುವ ಬಗೆಯನ್ನೇ ಕೊಳ್ಳಬೇಕು, ಟ್ರೇಗೆ ನಿಧಾನವಾಗಿ ಕೆಳಮಟ್ಟದಿಂದ ಸುರಿಯಬೇಕು. ಈಗತಾನೇ ನಡೆಯಲು ಕಲಿತ ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಹೊಟ್ಟೆಗೆ ಹೋದ ಬೆಂಟೊನೈಟ್ ಅಲ್ಲೂ ಉಬ್ಬುತ್ತದೆ. ಅವುಗಳಿಗೆ ಉಂಡೆಗಟ್ಟದ ಲಿಟರ್, ಕಾಗದ ಅಥವಾ ಮರದ ಕಡ್ಡಿಯುಂಡೆ ಸಾಕು.

ಇತ್ತೀಚೆಗೆ ಹೆಚ್ಚು ಮಾರಾಟವಾಗುತ್ತಿರುವುದು ತೋಫು ಲಿಟರ್. ಸೋಯಾ ಹಾಲು ತೆಗೆದ ಮೇಲೆ ಉಳಿಯುವ ಹಿಂಡಿಯಿಂದ ಮಾಡಿದ ಹಗುರ ಕಡ್ಡಿಗಳಿವು. ಧೂಳು ಕಡಿಮೆ, ಉಂಡೆಯೂ ಕಟ್ಟುತ್ತದೆ. ಆದರೆ ಇದು ಧಾನ್ಯದ ಪದಾರ್ಥ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಚೀಲಕ್ಕೆ ಬೂಷ್ಟು ಹಿಡಿಯಬಹುದು, ಹುಳು ಬೀಳಬಹುದು. ಗಾಳಿಯಾಡದ ಡಬ್ಬದಲ್ಲಿಡುವುದು ಅಗತ್ಯ. ಪೈನ್ ಮರದ ಪೆಲೆಟ್‌ಗಳು ಒದ್ದೆಯಾದಾಗ ಹೊಟ್ಟಾಗಿ ಉದುರುತ್ತವೆ. ಜರಡಿ ತಳದ ಟ್ರೇ ಇದ್ದರೆ ಹೊಟ್ಟು ಕೆಳಗಿಳಿದು ಒಣ ಪೆಲೆಟ್ ಮೇಲುಳಿಯುತ್ತದೆ. ಸಿಲಿಕಾ ಜೆಲ್ ಹರಳುಗಳು ಮೂತ್ರದ ನೀರನ್ನು ಹೀರಿಕೊಂಡು ವಾಸನೆ ಹಿಡಿದಿಡುತ್ತವೆ, ಮಲವನ್ನು ಮಾತ್ರ ಎತ್ತುತ್ತಿದ್ದರಾಯಿತು. ಹೀರುವ ಶಕ್ತಿ ಮುಗಿದ ಮೇಲೆ ಒಂದೇ ಸಲಕ್ಕೆ ಪೂರ್ತಿ ಬದಲಿಸಬೇಕು. ಹರಳಿನ ಚೂಪು ಕೆಲವು ಬೆಕ್ಕುಗಳ ಅಂಗಾಲಿಗೆ ಹಿಡಿಸುವುದಿಲ್ಲ.

ದುಡ್ಡು ಉಳಿಸಬೇಕೆಂಬವರಿಗೆ ನಮ್ಮಲ್ಲೇ ಸಿಗುವ ವಸ್ತುಗಳಿವೆ. ತೆಂಗಿನ ನಾರಿನ ಪುಡಿ ತುಮಕೂರು, ಹಾಸನ ಕಡೆಯ ತೆಂಗಿನ ಸೀಮೆಯಲ್ಲಿ ಧಾರಾಳ. ಚೆನ್ನಾಗಿ ಹೀರುತ್ತದೆ, ಸ್ಪರ್ಶ ಮಣ್ಣಿನಂತೆಯೇ ಇರುವುದರಿಂದ ಬೀದಿಯಿಂದ ತಂದ ಬೆಕ್ಕು ಬೇಗ ಒಗ್ಗುತ್ತದೆ. ಉಂಡೆಗಟ್ಟದು, ಕಾಲಿಗಂಟಿ ಮನೆಯೆಲ್ಲ ಹರಡುತ್ತದೆ. ಗರಗಸದ ಮಿಲ್ಲಿನ ಹೊಟ್ಟು ಕೂಡ ನಡೆಯುತ್ತದೆ, ಬಣ್ಣ ಮತ್ತು ಗೆದ್ದಲೆಣ್ಣೆ ತಾಗಿರದ ಮರದ್ದಾಗಿದ್ದರೆ. ಮರಳು ಬೆಕ್ಕಿಗೆ ಪ್ರಿಯವೇ, ಆದರೆ ಅದು ಹೀರುವುದಿಲ್ಲ; ಉಚ್ಚೆ ತಳಕ್ಕಿಳಿದು ನಿಲ್ಲುತ್ತದೆ. ಹಳೆಯ ದಿನಪತ್ರಿಕೆ ಹರಿದು ಹಾಕುವುದು ಒಂದೆರಡು ದಿನದ ತುರ್ತಿಗೆ ಸರಿ.

ಬೆಕ್ಕಿನ ತೀರ್ಪು

ಬೆಕ್ಕುಗಳಿಗೆ ಬೇರೆ ಬೇರೆ ಟ್ರೇಗಳನ್ನು ಒಡ್ಡಿ, ಯಾವುದನ್ನು ಆರಿಸುತ್ತವೆ ಎಂದು ನೋಡಿದ ಅಧ್ಯಯನಗಳು ಹಲವು. ಪೀಟರ್ ಬೋರ್ಚೆಲ್ಟ್ 1991ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಬೆಕ್ಕುಗಳ ಒಲವು ನುಣ್ಣನೆಯ ಹರಳಿನ, ಉಂಡೆಗಟ್ಟುವ ಲಿಟರ್ ಕಡೆಗಿತ್ತು. ಒಣನೆಲದ ಪೂರ್ವಜನನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಮುಚ್ಚಳವಿರುವ ಪೆಟ್ಟಿಗೆ ಮತ್ತು ತೆರೆದ ಟ್ರೇಗಳನ್ನು ಹೋಲಿಸಿದ 2013ರ ಅಧ್ಯಯನದಲ್ಲಿ ಹೆಚ್ಚಿನ ಬೆಕ್ಕುಗಳು ಎರಡರ ನಡುವೆ ಭೇದ ಮಾಡಲಿಲ್ಲ. ಆದರೆ ಅಲ್ಲಿ ಟ್ರೇಗಳನ್ನು ತಪ್ಪದೆ ಶುಚಿ ಮಾಡಲಾಗುತ್ತಿತ್ತು ಎಂಬುದನ್ನು ಮರೆಯಬಾರದು. ಮನೆಗಳಲ್ಲಿ ಮುಚ್ಚಳದ ತೊಂದರೆ ಬೇರೆ: ಒಳಗೆ ಏನಿದೆ ಎಂದು ಕಾಣುವುದಿಲ್ಲ, ಹೊರಗೆ ವಾಸನೆ ಬರುವುದಿಲ್ಲ, ನಮಗೆ ನೆನಪೂ ಆಗುವುದಿಲ್ಲ. ಅಮೋನಿಯಾ ಒಳಗೇ ತುಂಬಿ ಬೆಕ್ಕಿನ ಮೂಗಿಗೆ ಹೊಡೆಯುತ್ತದೆ. 2014ರ ಇನ್ನೊಂದು ಅಧ್ಯಯನ ಬೆಕ್ಕುಗಳು ದೊಡ್ಡ ಟ್ರೇಯನ್ನೇ ಇಷ್ಟಪಡುತ್ತವೆ ಎಂದು ತೋರಿಸಿತು.

ಶುಚಿಯ ಬಗೆಗಿನ ಕುತೂಹಲದ ಫಲಿತಾಂಶ 2017ರದು. ಒಂದಕ್ಕಿಂತ ಹೆಚ್ಚು ಬೆಕ್ಕುಗಳಿರುವ ಮನೆಗಳಿಂದ ತಂದ ಬೆಕ್ಕುಗಳ ಮೇಲೆ ನಡೆದ ಆ ಅಧ್ಯಯನದಲ್ಲಿ ಅವು ಬಳಸಿದ ಟ್ರೇಯನ್ನು ಬಿಟ್ಟು ಶುಚಿಯಾದದ್ದನ್ನು ಆರಿಸಿದವು. ಮಲಮೂತ್ರ ತನ್ನದೋ ಬೇರೆ ಬೆಕ್ಕಿನದೋ ಎಂಬುದು ಮುಖ್ಯವಾಗಲಿಲ್ಲ. ವಾಸನೆಗಿಂತಲೂ, ಕಾಲಿಡಲು ಜಾಗವಿಲ್ಲದಂತೆ ಅಡ್ಡ ಬಿದ್ದಿರುವ ಉಂಡೆಗಳೇ ಅವುಗಳನ್ನು ದೂರವಿಟ್ಟವು. ಇದು ನಿಜವಾದರೆ ವಾಸನೆ ಮುಚ್ಚುವ ಪರಿಮಳಕ್ಕೆ ಬೆಕ್ಕಿನ ದೃಷ್ಟಿಯಿಂದ ಬೆಲೆಯೇ ಇಲ್ಲ. ಉಂಡೆ ಎತ್ತದೆ ಮಲ್ಲಿಗೆ ಸಿಂಪಡಿಸಿದ ಟ್ರೇ ಅದಕ್ಕೆ ಎರಡು ಪಟ್ಟು ಅಸಹ್ಯ.

ಅಮೆರಿಕದ ಬೆಕ್ಕುವೈದ್ಯರ ಸಂಘಟನೆ ಎಎಎಫ್‌ಪಿ ಮತ್ತು ಅಂತರರಾಷ್ಟ್ರೀಯ ಸಂಘಟನೆ ಐಎಸ್‌ಎಫ್‌ಎಂ 2014ರಲ್ಲಿ ಜೊತೆಯಾಗಿ ಹೊರಡಿಸಿದ ಮಾರ್ಗಸೂಚಿಯೂ ಇದೇ ದಿಕ್ಕಿನಲ್ಲಿದೆ. ಟ್ರೇಯ ಉದ್ದ ಬೆಕ್ಕಿನ ಮೂತಿಯಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟಾದರೂ ಇರಬೇಕು. ಪರಿಮಳವಿಲ್ಲದ ಲಿಟರ್ ಇರಬೇಕು. ಬೆಕ್ಕುಗಳು ಎಷ್ಟೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಬೇಕು. ಅಂಗಡಿಯಲ್ಲಿ ‘ಕ್ಯಾಟ್ ಟ್ರೇ’ ಎಂದು ಮಾರುವ ಬಹಳಷ್ಟು ಟ್ರೇಗಳು ಈ ಅಳತೆಗೆ ಸಾಲುವುದಿಲ್ಲ. ಪಾತ್ರೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿಕೊಂಡರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಟ್ರೇ ಸಿಗುತ್ತದೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಎರಡು ಬೆಕ್ಕಿಗೆ ಮೂರು ಟ್ರೇ ಇಡುವುದು ಕಷ್ಟ ನಿಜ. ಜಾಗವಿಲ್ಲದವರು ಟ್ರೇಗಳ ಸಂಖ್ಯೆಯಲ್ಲಿ ಆದ ಕೊರತೆಯನ್ನು ಎತ್ತುವ ಸಂಖ್ಯೆಯಲ್ಲಿ ತುಂಬಿಕೊಳ್ಳಬೇಕು.

ನಿತ್ಯದ ಕೆಲಸ

ದಿನಕ್ಕೆ ಎರಡು ಸಲ, ಬೆಳಗ್ಗೆ ಕಾಫಿಗೆ ಮೊದಲು ಮತ್ತು ರಾತ್ರಿ ಮಲಗುವ ಮೊದಲು, ಉಂಡೆ ಎತ್ತುವುದು ಒಳ್ಳೆಯ ಪದ್ಧತಿ. ಒಂದು ಸಲಕ್ಕೆ ಕಡಿಮೆ ಆಗಕೂಡದು. ಲಿಟರ್ ಎರಡರಿಂದ ಮೂರು ಅಂಗುಲ ಆಳವಿರಲಿ. ಅದಕ್ಕಿಂತ ತೆಳುವಾದರೆ ಉಚ್ಚೆ ತಳ ಮುಟ್ಟಿ ಸಿಮೆಂಟಿನಂತೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆಯಹೋದರೆ ಉಂಡೆ ಪುಡಿಯಾಗಿ ಉಳಿದ ಲಿಟರಿನಲ್ಲಿ ಬೆರೆತುಹೋಗುತ್ತದೆ. ಎತ್ತಿದಷ್ಟು ಹೊಸತು ಸೇರಿಸುತ್ತಿದ್ದರೆ ಉಂಡೆಗಟ್ಟುವ ಲಿಟರನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಪೂರ್ತಿ ಬದಲಿಸಿದರೆ ಸಾಕು. ಉಂಡೆಗಟ್ಟದ್ದನ್ನು ವಾರಕ್ಕೊಮ್ಮೆಯಾದರೂ ಬದಲಿಸಬೇಕು.

ಪೂರ್ತಿ ಬದಲಿಸುವ ದಿನ ಟ್ರೇಯನ್ನು ಬಿಸಿನೀರು ಮತ್ತು ಪರಿಮಳವಿಲ್ಲದ ಪಾತ್ರೆ ಸೋಪಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ಸಂಪೂರ್ಣ ಆರಿದ ಮೇಲೆ ಲಿಟರ್ ಹಾಕಬೇಕು. ಘಾಟು ಉಳಿದಿದ್ದರೆ ನೀರು ಬೆರೆಸಿದ ವಿನೆಗರ್ ಸವರಿ ತೊಳೆಯಬಹುದು; ಅಮೋನಿಯಾ ಕ್ಷಾರ, ವಿನೆಗರ್ ಆಮ್ಲ, ಒಂದನ್ನೊಂದು ತಣಿಸುತ್ತವೆ. ತಳಕ್ಕೆ ತೆಳುವಾಗಿ ಅಡುಗೆ ಸೋಡ ಉದುರಿಸುವುದು ಹಳೆಯ ಉಪಾಯ. ವಾಸನೆ ಹೀರುವ ಇದ್ದಿಲಿನ ಪುಡಿ ಬೆರೆಸಿದ ಲಿಟರ್ ಕೂಡ ಸಿಗುತ್ತದೆ. ಪ್ಲಾಸ್ಟಿಕ್ ಟ್ರೇಯ ಮೇಲೆ ಉಗುರಿನ ಗೀರು ಬಿದ್ದಂತೆ ಅದರೊಳಗೆ ವಾಸನೆ ಸೇರಿಕೊಳ್ಳುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಆಳವಾದ ಸ್ಟೀಲ್ ಟ್ರೇ ಒಮ್ಮೆ ದುಬಾರಿ ಎನಿಸಿದರೂ ವರ್ಷಗಟ್ಟಲೆ ಬಾಳುತ್ತದೆ, ವಾಸನೆ ಹಿಡಿದುಕೊಳ್ಳುವುದಿಲ್ಲ.

ಜಾಗದ ಆಯ್ಕೆಯೂ ಶುಚಿಯ ಭಾಗ. ಗಾಳಿಯಾಡುವ, ಗದ್ದಲವಿಲ್ಲದ, ಊಟದ ಬಟ್ಟಲಿನಿಂದ ದೂರದ ಮೂಲೆ ಬೇಕು. ವಾಷಿಂಗ್ ಮೆಷಿನ್ ಪಕ್ಕ ಇಟ್ಟರೆ ಅದು ಗಡಗಡ ತಿರುಗಿದ ದಿನ ಬೆಕ್ಕು ಹೆದರಿ ಟ್ರೇಯನ್ನೇ ಬಿಟ್ಟೀತು. ಬಚ್ಚಲಲ್ಲಿಟ್ಟರೆ ನೆಲದ ತೇವ ಲಿಟರಿಗೆ ತಾಗುತ್ತದೆ. ಬಾಲ್ಕನಿಯಲ್ಲಿಟ್ಟರೆ ಮಳೆಯ ಎರಚಲು ಬೀಳದಂತೆ ನೋಡಬೇಕು. ಟ್ರೇ ಬಿಟ್ಟು ಹಾಸಿಗೆಯ ಮೇಲೆ ಉಚ್ಚೆ ಹೊಯ್ದಿದ್ದರೆ ಮಾಮೂಲು ಸೋಪು ಸಾಲದು. ಅದರ ಕಲೆ ಹೋದರೂ ವಾಸನೆಯ ಗುರುತು ಉಳಿದು ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಕಿಣ್ವದ ಕ್ಲೀನರ್ ಬಳಸಬೇಕು.

ತಾನೇ ಶುಚಿಯಾಗುವ ಯಂತ್ರಗಳು ದಿನವಿಡೀ ಕೆಲಸಕ್ಕೆ ಹೋಗುವವರಿಗೆ ನೆರವಾಗುತ್ತವೆ. ಒಳಗೆ ಬೆಕ್ಕಿರುವಾಗ ತಿರುಗದಂತೆ ತಡೆಯುವ ಸೆನ್ಸರ್ ಇಲ್ಲದ ಅಗ್ಗದ ಯಂತ್ರಗಳು ಅಪಾಯಕಾರಿ. ಯಂತ್ರ ಎತ್ತಿದರೂ ಡಬ್ಬ ಖಾಲಿ ಮಾಡುವುದು, ತೊಳೆಯುವುದು ಮನುಷ್ಯನಿಗೇ ಉಳಿಯುತ್ತದೆ.

ಫಿನೈಲ್ ಎಂಬ ವಿಷ

ನಮ್ಮ ಮನೆಗಳ ದೊಡ್ಡ ತಪ್ಪು ಇಲ್ಲಿದೆ. ನಾತ ಬಂದರೆ ಫಿನೈಲ್ ಸುರಿಯುವುದು ರೂಢಿ. ಬೆಕ್ಕಿನ ಯಕೃತ್ತಿನಲ್ಲಿ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಕಿಣ್ವದ ವ್ಯವಸ್ಥೆ ಬಹಳ ದುರ್ಬಲ. ನಾಯಿಗೂ ಮನುಷ್ಯನಿಗೂ ಅಷ್ಟಾಗಿ ತಟ್ಟದ ಪ್ರಮಾಣ ಅದಕ್ಕೆ ವಿಷವಾಗುತ್ತದೆ. ಕಪ್ಪು ಫಿನೈಲ್, ಪೈನ್ ಎಣ್ಣೆಯ ಬಿಳಿ ಫಿನೈಲ್, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ದ್ರವ ಇವೆಲ್ಲ ಟ್ರೇಯ ಹತ್ತಿರ ಸುಳಿಯಬಾರದು. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ವಿಷ ಒಳಸೇರುವ ದಾರಿ ಅದು. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ನುಸಿಗುಳಿಗೆಗಳಿಗೂ ಇದೇ ಮಾತು.

ಬ್ಲೀಚಿಂಗ್ ಪೌಡರಿನ ಅಪಾಯ ಬೇರೆ ಬಗೆಯದು. ಉಚ್ಚೆಯ ಅಮೋನಿಯಾಕ್ಕೆ ಬ್ಲೀಚ್ ತಾಗಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ತೊಳೆಯುವವರ ಶ್ವಾಸಕ್ಕೇ ಕುತ್ತು. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಬಿಡಿಸಿ ಹೇಳುವುದು ಬೆಕ್ಕು ಸಾಕಿದವರ ಹೊಣೆ.

ರೋಗ ಮತ್ತು ಭಯ

ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನು ಹೊರಗೆ ಬಿಟ್ಟುಬಿಡಿ ಎಂಬ ಸಲಹೆ ಕೇಳದವರಿಲ್ಲ. ಇದರ ಹಿಂದಿರುವುದು ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ. 1908ರಲ್ಲೇ ಗುರುತಿಸಿದ್ದ ಈ ಜೀವಿ ಬೆಕ್ಕಿನ ಮಲದಿಂದ ಹರಡುತ್ತದೆ ಎಂಬುದು ಖಚಿತವಾದದ್ದು 1970ರ ಹೊತ್ತಿಗೆ. ಆ ಸಂಶೋಧಕರಲ್ಲಿ ಭಾರತದಲ್ಲಿ ಹುಟ್ಟಿದ ಜೆ. ಪಿ. ದುಬೆ ಅವರೂ ಒಬ್ಬರು. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ತನ್ನ ಮೊದಲ ಸೋಂಕಿನಲ್ಲಿ, ಅದೂ ಒಂದರಿಂದ ಮೂರು ವಾರವಷ್ಟೇ, ಅದರ ಮೊಟ್ಟೆಯಂಥ ಕಣಗಳನ್ನು ಮಲದಲ್ಲಿ ಹೊರಹಾಕುತ್ತದೆ. ಆ ಕಣಗಳು ಸೋಂಕು ತಗುಲಿಸುವ ಶಕ್ತಿ ಪಡೆಯಲು ಒಂದರಿಂದ ಐದು ದಿನ ಬೇಕು. ದಿನವೂ ಎತ್ತಿದ ಟ್ರೇಯಲ್ಲಿ ಅವುಗಳಿಗೆ ಆ ಅವಕಾಶ ತೀರ ಕಡಿಮೆ. ಮನೆಯಿಂದ ಹೊರಹೋಗದ, ಹಸಿಮಾಂಸ ತಿನ್ನದ ಬೆಕ್ಕಿಗೆ ಈ ಸೋಂಕು ತಗಲುವುದೇ ಅಪರೂಪ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣು ಇವುಗಳಿಂದ ಬರುವ ಅಪಾಯವೂ ಸಣ್ಣದಲ್ಲ. ಬಸುರಿಯ ಪಾಲಿನ ಟ್ರೇ ಕೆಲಸವನ್ನು ಗಂಡನೋ ಮತ್ತೊಬ್ಬರೋ ಮಾಡಬೇಕು. ಬೇರೆ ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿ ದಿನವೂ ಎತ್ತಿ ಕೈ ತೊಳೆಯಬೇಕು. ಬೆಕ್ಕನ್ನು ಬೀದಿಗೆ ಬಿಡುವ ಅಗತ್ಯವಿಲ್ಲ.

ಟ್ರೇಯನ್ನು ಸ್ವತಃ ಎತ್ತುವವರಿಗೆ ಇನ್ನೊಂದು ಲಾಭವಿದೆ. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಅದರ ಕಾಯಿಲೆ ಮೊದಲು ಕಾಣುವುದು ಟ್ರೇಯಲ್ಲಿ. ಉಂಡೆಗಳು ದಿನದಿನಕ್ಕೆ ದೊಡ್ಡದಾಗಿ ಹೆಚ್ಚುತ್ತಿದ್ದರೆ ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇರಬಹುದು. ಗಂಡುಬೆಕ್ಕು ಮತ್ತೆಮತ್ತೆ ಟ್ರೇಗೆ ಹೋಗಿ ಮುಕ್ಕರಿದು, ಉಂಡೆಯಿಲ್ಲದೆ ಹಿಂದಿರುಗುತ್ತಿದ್ದರೆ ಮೂತ್ರನಾಳ ಕಟ್ಟಿದೆಯೆಂದೇ ತಿಳಿಯಬೇಕು. ನಾಳೆ ನೋಡೋಣ ಎನ್ನುವ ಕಾಯಿಲೆ ಅದಲ್ಲ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಶುಚಿಯಾದ ಟ್ರೇಯಿದ್ದೂ ಬೆಕ್ಕು ಹೊರಗೆ ಹೊಯ್ಯತೊಡಗಿದರೆ ಗದರುವ ಮೊದಲು ವೈದ್ಯರಿಗೆ ತೋರಿಸಬೇಕು.

ಎತ್ತಿದ್ದನ್ನು ಎಲ್ಲಿಗೆ

ಕಮೋಡಿಗೆ ಹಾಕಿ ಫ್ಲಶ್ ಮಾಡುವುದು ಸುಲಭವೆನಿಸುತ್ತದೆ. ಆದರೆ ಬೆಂಟೊನೈಟ್ ಪೈಪಿನೊಳಗೆ ಉಬ್ಬಿ ಕಟ್ಟಿಕೊಳ್ಳುತ್ತದೆ. ಫ್ಲ್ಯಾಟಿನಲ್ಲಿ ಅದು ಕೆಳಮನೆಯವರ ತಲೆನೋವೂ ಹೌದು. ‘ಫ್ಲಶ್ ಮಾಡಬಹುದು’ ಎಂದು ಚೀಲದ ಮೇಲೆ ಬರೆದ ತೋಫು ಲಿಟರಿನ ವಿಷಯದಲ್ಲೂ ಟಾಕ್ಸೋಪ್ಲಾಸ್ಮಾದ ಪ್ರಶ್ನೆ ಉಳಿಯುತ್ತದೆ. ಅದರ ಕಣಗಳು ಕ್ಲೋರಿನ್‌ಗೆ ಜಗ್ಗುವುದಿಲ್ಲ. ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿಗಳು ಈ ಸೋಂಕಿನಿಂದ ಸಾಯುತ್ತಿರುವುದು ಕಂಡುಬಂದ ಮೇಲೆ ಆ ರಾಜ್ಯ 2006ರಲ್ಲಿ ಕಾನೂನು ಮಾಡಿ, ಬೆಕ್ಕಿನ ಮಲವನ್ನು ಚರಂಡಿಗೆ ಬಿಡಬೇಡಿ ಎಂಬ ಸೂಚನೆಯನ್ನು ಲಿಟರ್ ಚೀಲಗಳ ಮೇಲೆ ಮುದ್ರಿಸುವಂತೆ ಮಾಡಿತು.

ಬೆಂಗಳೂರಿನಂಥ ಕಡೆ ಕಸ ವಿಂಗಡಿಸಿ ಕೊಡಬೇಕಾದಾಗ ಇದನ್ನು ಪೇಪರಿನಲ್ಲಿ ಸುತ್ತಿ, ಡೈಪರ್, ಸ್ಯಾನಿಟರಿ ಪ್ಯಾಡ್ ಹಾಕುವ ಕಸದ ಜೊತೆಗೆ ಕೊಡುವುದು ಸರಿಯಾದ ಕ್ರಮ. ಹಸಿಕಸಕ್ಕೆ ಸೇರಿಸಿದರೆ ಅದರಿಂದ ತಯಾರಾಗುವ ಗೊಬ್ಬರ ಕೆಡುತ್ತದೆ, ಒಣಕಸಕ್ಕೆ ಸೇರಿಸಿದರೆ ಅದನ್ನು ಕೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರಿಗೆ ಅಪಾಯ. ಹಳ್ಳಿಯಲ್ಲಿ, ತೋಟವಿರುವವರು ತೆಂಗಿನ ನಾರಿನ ಅಥವಾ ಮರದ ಹೊಟ್ಟಿನ ಲಿಟರನ್ನು ಆಳವಾಗಿ ಹೂಳಬಹುದು. ಸೊಪ್ಪು ತರಕಾರಿ ಬೆಳೆಯುವ ಪಾತಿಗೂ ಬಾವಿಗೂ ದೂರದಲ್ಲಿ.

ಇಷ್ಟನ್ನೆಲ್ಲ ತೂಗಿ ನೋಡಿದರೆ ತೀರ್ಮಾನ ಸರಳ. ದೊಡ್ಡ ತೆರೆದ ಟ್ರೇ, ಪರಿಮಳವಿಲ್ಲದ ನುಣ್ಣನೆಯ ಉಂಡೆಗಟ್ಟುವ ಲಿಟರ್, ಬಿಸಿನೀರು ಮತ್ತು ಸೋಪು, ದಿನಕ್ಕೆರಡು ಸಲ ಸ್ಕೂಪ್ ಹಿಡಿಯುವ ಕೈ: ಇವಿಷ್ಟಿದ್ದರೆ ಉಳಿದ ಬಾಟಲಿ ಪುಡಿಗಳಲ್ಲಿ ಹೆಚ್ಚಿನವು ಬೇಕಾಗುವುದಿಲ್ಲ. ಎರಡೂ ಹೊತ್ತು ಸೇರಿಸಿದರೂ ಈ ಕೆಲಸಕ್ಕೆ ಐದು ನಿಮಿಷ ಹಿಡಿಯದು. ಮರಿ ಮುದ್ದಾಗಿದೆ ಎಂದು ಮನೆಗೆ ತರಲು ಹೊರಟವರು ಮುಂದಿನ ಹದಿನೈದು ವರ್ಷ ದಿನವೂ ಆ ಐದು ನಿಮಿಷ ಕೊಡುವವರು ಮನೆಯಲ್ಲಿ ಯಾರು ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಲಿ.